ಬಸ್ಸು ಹತ್ತಿ ಬಂದ ಗಾಳಿಪಂಪು

ನಮ್ಮ ಅತ್ತೆ ಕಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಅದರ ತುದಿಯನ್ನು ಪಂಪಿನ ಮೈಗೆ ತಾಗಿಸಿ ಕೂತುಬಿಡುತ್ತಿದ್ದರು. ಕಣ್ಣು ಮುಚ್ಚಿರುತ್ತಿದ್ದವು. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಅಗಿಯುವುದೂ ನಿಲ್ಲುತ್ತಿತ್ತು. ನಾನು ಸೊಸೆಯಾಗಿ ಗಂಗಾವತಿಯ ಆ ಮನೆಗೆ ಬಂದ ಹೊಸದರಲ್ಲಿ ಇದನ್ನು ಕಂಡು, ಇದೇನು ಜಪವೋ ತಪವೋ ಎಂದು ಬಾಗಿಲಲ್ಲೇ ನಿಂತಿದ್ದೆ. ಅವರು ಕಣ್ಣು ತೆರೆಯದೆಯೇ ಕೈ ಮಾಡಿ ಕರೆದು, ಹಿಡಿಯನ್ನು ನನ್ನ ಕಿವಿಗೆ ಹಚ್ಚಿದರು.

“ಏನ ಕೇಳತೈತಿ?”

“ಟಕ ಟಕ ಅಂತೈತ್ರಿ.”

“ಟಕ ಅಂದ ಮ್ಯಾಲ ಸಣ್ಣಗ ಉಸ್ ಅಂತೈತೇನು?”

ನನಗೆ ಹಾಗೇನೂ ಕೇಳಿಸಲಿಲ್ಲ, ಹಾಗೆಂದೇ ಹೇಳಿದೆ.

“ಹಂಗಾರ ಛಲೋ ಆತು. ಉಸ್ ಅಂದ್ರ ಒಳಗಿನ ವಾಶರ್ ಹೋಗೈತಿ ಅಂತ ತಿಳೀಬೇಕು,” ಎಂದು ಮತ್ತೆ ಎಲೆ ಅಗಿಯತೊಡಗಿದರು.

ಆ ಪಂಪು ಒಂದು ದೊಡ್ಡ ತೆಂಗಿನಕಾಯಿಯಷ್ಟಿತ್ತು. ಬೀಡುಕಬ್ಬಿಣದ ಮೈ, ಪಕ್ಕದಲ್ಲೊಂದು ಕರೆಂಟಿಗೆ ತಿರುಗುವ ಸಣ್ಣ ಗಾಲಿ, ಗಾಲಿ ತಿರುಗಿದಂತೆ ಒಳಗೂ ಹೊರಗೂ ಆಡುವ ಬೆರಳು ದಪ್ಪದ ದಂಡ. ಅದು ಒತ್ತಿದ ಗಾಳಿ ರಬ್ಬರ್ ನಳಿಗೆಯಲ್ಲಿ ಹರಿದು, ಪಡಸಾಲೆಯ ಗಾಜಿನ ತೊಟ್ಟಿಯ ತಳದಿಂದ ಗುಳ್ಳೆಗಳಾಗಿ ಏಳುತ್ತಿತ್ತು. ತೊಟ್ಟಿಯಲ್ಲಿ ಕೆಂಪು ಮೀನುಗಳು, ಬಂಗಾರದ ಬಣ್ಣದವು. ಬಂದವರೆಲ್ಲ ಮೀನು ನೋಡುತ್ತಿದ್ದರು, ಅತ್ತೆ ಪಂಪು ನೋಡುತ್ತಿದ್ದರು. “ಮೀನ ಬರ್ತಾವ, ಹೋಗ್ತಾವ. ಇರಬೇಕಾದ್ದು ಇದು,” ಎನ್ನುತ್ತಿದ್ದರು.

ಅದು ಅವರ ಮನೆಗೆ ಬಂದ ಬಗೆಯನ್ನು ನಮ್ಮವರು ಹೇಳಿದ್ದರು. ಕಾಲುವೆಯ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರಂತೆ. ಅವರ ಹೆಂಡತಿ ತೆಲುಗಿನಾಕೆ, ಈ ಮೀನಿನ ಹವ್ಯಾಸ ಆಕೆಯದು. ನಮ್ಮ ಮಾವ ತೀರಿಕೊಂಡ ವರ್ಷವೇ ಅವರಿಗೆ ವರ್ಗವಾಯಿತು. ಹೋಗುವ ಮುಂಚೆ ಆಕೆ ತೊಟ್ಟಿ, ಪಂಪು, ಮೀನು ಎಲ್ಲವನ್ನೂ ಅತ್ತೆಯ ಪಡಸಾಲೆಗೆ ಸಾಗಿಸಿ, ಪಂಪನ್ನು ಬಿಚ್ಚಿ ಜೋಡಿಸುವುದನ್ನು ಕಲಿಸಿ, ಮನೆಯಲ್ಲೊಂದು ಸಪ್ಪಳವಿರಲಿ ಎಂದು ಹೇಳಿ ಹೋದಳಂತೆ. ಆ ಸಪ್ಪಳ ಅಂದಿನಿಂದ ಇತ್ತು. ಗಂಡ ಹೋದ ಮನೆಯಲ್ಲಿ, ಚಿಕ್ಕ ಮಗನನ್ನೂ ಕಿರಾಣಿ ಅಂಗಡಿಯನ್ನೂ ಒಬ್ಬರೇ ಸಂಭಾಳಿಸುತ್ತ, ಅತ್ತೆ ಆ ಟಕ ಟಕದ ಜೊತೆ ಬಾಳಿದ್ದರು.

ಸೋಮವಾರ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಮೇಲೆ ಪಂಪಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಡಬೇಕು. ದೇವರ ದೀಪಕ್ಕೆ ಎಣ್ಣೆ ಹಾಕುವುದನ್ನು ನನಗೆ ವಹಿಸಿಕೊಟ್ಟರು, ಪಂಪಿನದನ್ನು ಮಾತ್ರ ಬಹಳ ದಿನ ಬಿಟ್ಟುಕೊಡಲಿಲ್ಲ. ಕರೆಂಟ್ ಕೈಕೊಟ್ಟಾಗಿನ ವ್ಯವಸ್ಥೆಯಂತೂ ನೋಡುವಂತಿತ್ತು. ತೊಟ್ಟಿಯ ಕೆಳಗೆ ಲಾರಿಯ ಹಳೇ ಟ್ಯೂಬೊಂದು ಗಾಳಿ ತುಂಬಿಕೊಂಡು ಸದಾ ಸಿದ್ಧವಾಗಿರುತ್ತಿತ್ತು. ದವಾಖಾನೆಯಲ್ಲಿ ಸಲೈನ್ ಏರಿಸಿ ಬಿಸಾಡಿದ ನಳಿಗೆಯನ್ನು ತೊಳೆದು ತಂದು ಅದಕ್ಕೆ ಜೋಡಿಸಿದ್ದರು. ಆ ನಳಿಗೆಯ ಮೇಲಿನ ಸಣ್ಣ ಗಾಲಿಯನ್ನು ಹೆಬ್ಬೆರಳಲ್ಲಿ ಸರಿಸಿದರೆ ಗಾಳಿ ತೊಟ್ಟಿಯೊಳಗೆ ಮೆಲ್ಲಗೆ ಇಳಿಯುತ್ತಿತ್ತು. ಟ್ಯೂಬು ಸೊರಗಿದರೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು. ಬೇಸಿಗೆಯಲ್ಲಿ ಕರೆಂಟು ಎಂದರೆ ಬಂದರೆ ಬಂತು, ಹೋದರೆ ಹೋಯಿತು. ಆದರೂ ಅತ್ತೆಯ ತೊಟ್ಟಿಯಲ್ಲಿ ಗುಳ್ಳೆ ನಿಂತದ್ದನ್ನು ನಾನು ಕಾಣಲಿಲ್ಲ.

ಇಷ್ಟೆಲ್ಲ ನಾನು ನೋಡುವ ಹಾಗಾದದ್ದೇ ಒಂದು ಪವಾಡ. ಅದನ್ನು ಹೇಳಲೇಬೇಕು.

ನನ್ನ ತವರು ತಾವರಗೇರಾ. ಅಪ್ಪನದು ಮಳೆ ನೆಚ್ಚಿದ ಹೊಲ, ಒಂದು ಬಾವಿ, ಬಾವಿಗೊಂದು ಡೀಸೆಲ್ ಇಂಜಿನ್ನು. ಎಪ್ಪತ್ತರ ದಶಕದ ಕೊನೆಗೆ ನನಗೆ ಸಂಬಂಧ ನೋಡತೊಡಗಿದಾಗ ಮನೆಯ ಮುಂದೆ ಎರಡು ದಾರಿಯಿದ್ದವು. ಒಂದು ಗಂಗಾವತಿಯ ಈ ಕಿರಾಣಿ ಅಂಗಡಿಯ ಹುಡುಗ. ಅವರು ಸೋದರಮಾವನ ಜೊತೆ ಬಂದು ನನ್ನನ್ನು ನೋಡಿ ಒಪ್ಪಿ ಹೋಗಿದ್ದರು, ನನಗೂ ಮನಸ್ಸಾಗಿತ್ತು. ಇನ್ನೊಂದು ಯಲಬುರ್ಗಾ ಕಡೆಯ ಎರಡನೇ ಸಂಬಂಧ. ಮೊದಲ ಹೆಂಡತಿ ತೀರಿಕೊಂಡಿದ್ದಳು, ಬೆಳೆದ ಮಕ್ಕಳಿದ್ದರು, ಆತನ ವಯಸ್ಸು ಅಪ್ಪನ ಆಸುಪಾಸು. ಹೊಲ ಮಾತ್ರ ದಂಡಿಯಾಗಿತ್ತು. ಹೊಲ ಎಂದರೆ ಅಪ್ಪನ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ.

ಪದ್ಧತಿಯಂತೆ ಅಪ್ಪ ಗಂಗಾವತಿಗೆ ಮನೆ ನೋಡಲು ಹೋದರು. ಹೋದವರು ಚಹಾ ಸಹ ಮುಟ್ಟದೆ ಮುಂದಿನ ಬಸ್ಸಿಗೇ ವಾಪಸಾದರು.

“ಹುಡುಗ ಛಲೋ ಅದಾನ. ಅಂಗಡಿನೂ ಐತಿ. ಆದ್ರ ಪಡಸಾಲ್ಯಾಗ ಮೀನ ಸಾಕ್ಯಾರ,” ಎಂದು ಅವ್ವನ ಮುಂದೆ ತಲೆಯ ಪಟಗಾ ಬಿಚ್ಚಿಟ್ಟರು. “ಇವತ್ತ ಸಾಕ್ಯಾರ, ನಾಳೆ ಸಾರು ಮಾಡೂದಿಲ್ಲ ಅನ್ನಾಕ ಏನ ಖಾತ್ರಿ?”

ನಮ್ಮದು ಮೀನು ಮಾಂಸ ಮುಟ್ಟದ ಮನೆತನ. ಗಂಗಾವತಿಯವರದೂ ಹಾಗೆಯೇ ಎಂದು ಅವ್ವ ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಯಲಬುರ್ಗಾದವರಿಗೆ ಮಾತು ಕೊಡುವುದೆಂದು ತೀರ್ಮಾನವಾಯಿತು. ನಾನು ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಕಣ್ಣೀರು ಸುರಿಸಿದೆ. ಹಿಟ್ಟಿಗೆ ಬೇರೆ ಉಪ್ಪು ಬೇಕಾಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಮುಂಜಾನೆಯ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ನಮ್ಮ ಮನೆ ಕೇಳಿಕೊಂಡು ಬಂದರು. ಮಾಸಲು ಕಂದು ಬಣ್ಣದ ಇಳಕಲ್ ಸೀರೆ, ಕುಂಕುಮವಿಲ್ಲದ ಹಣೆ. ಟವೆಲಿನಲ್ಲಿ ಸುತ್ತಿದ್ದ ಏನನ್ನೋ ಎಳೆಗೂಸಿನಂತೆ ಎದೆಗೆ ಅವಚಿಕೊಂಡಿದ್ದರು. ತಾವು ಗಂಗಾವತಿಯ ಹುಡುಗನ ತಾಯಿ ಎಂದು ಅವರು ಹೇಳಿದಾಗ ಅವ್ವ ಗಾಬರಿಯಾದಳು. ಗಂಡನನ್ನು ಕಳೆದುಕೊಂಡವರು ಮದುವೆಯ ಮಾತಿಗೆ ಮುಂದಾಗುವುದು ಆಗೆಲ್ಲ ಇರಲಿಲ್ಲ, ಹೆಣ್ಣು ನೋಡಲು ಬಂದಾಗಲೂ ಅದಕ್ಕೇ ಅವರು ಬಂದಿರಲಿಲ್ಲ. ಈಗ ಒಬ್ಬರೇ, ಕರೆಯದೆ, ಬೇಡವೆಂದ ಮನೆಗೆ ಬಂದಿದ್ದರು.

“ಕೂಡ್ರಿ ಅಕ್ಕಾರ,” ಎಂದರು ಅಪ್ಪ, ಮುಖ ಗಂಟುಹಾಕಿಕೊಂಡೇ.

ಅವರು ಟವೆಲು ಬಿಚ್ಚಿ ಪಂಪನ್ನು ಕಟ್ಟೆಯ ಮೇಲಿಟ್ಟರು. “ಮೀನ ತರಾಕ ಬರ್ತಿರಲಿಲ್ಲ ಅಣ್ಣಾರ. ಅದಕ್ಕ ಇದನ್ನ ತಂದೀನಿ. ಒಂದೀಟು ಕರೆಂಟ್ ಕೊಡ್ರಿ.”

ಕರೆಂಟ್ ಇರಲಿಲ್ಲ. ನಮ್ಮೂರಲ್ಲಿ ಅದು ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. “ಬರೂ ಮಟ ಕುಂದರತೀನಿ,” ಎಂದು ಅವರು ಗೋಡೆಗೆ ಒರಗಿದರು. ನಾನು ನೀರು ತಂದುಕೊಟ್ಟೆ. ನನ್ನನ್ನು ಒಮ್ಮೆ ನೋಡಿ ನೀರು ಕುಡಿದರು. ಆಮೇಲೆ ಸೆರಗು ಸಿಗಿಸಿಕೊಂಡು, ಸ್ಕ್ರೂಡ್ರೈವರ್ ತೆಗೆದು, ಸುಮ್ಮನೆ ಹೊತ್ತು ಹೋಗಲೆಂಬಂತೆ ಪಂಪನ್ನು ಬಿಚ್ಚತೊಡಗಿದರು. ಒಂದೊಂದೇ ಭಾಗವನ್ನು ಟವೆಲಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟರು.

ಅಪ್ಪ ಮೊದಲು ಬೀದಿ ನೋಡುತ್ತ ಕೂತಿದ್ದರು. ಆಮೇಲೆ ಓರೆಗಣ್ಣಲ್ಲಿ ಇತ್ತ ನೋಡಿದರು. ಆಮೇಲೆ ಕೂತಲ್ಲಿಂದಲೇ ಹತ್ತಿರ ಸರಿದರು. ಬಾವಿಯ ಇಂಜಿನ್ನಿನ ಜೊತೆ ಜಗಳಾಡಿಯೇ ಅವರ ಅರ್ಧ ಆಯುಷ್ಯ ಹೋಗಿತ್ತು. ಅದು ಬಿತ್ತನೆಗೆ ನಿಲ್ಲುತ್ತಿತ್ತು, ಸುಗ್ಗಿಗೆ ನಿಲ್ಲುತ್ತಿತ್ತು, ಮೆಕ್ಯಾನಿಕ್ ಬಂದರೆ ಮಾತ್ರ ನಡೆಯುತ್ತಿತ್ತು.

“ಈ ಚರ್ಮದ ವಾಶರ್ ಯಾರು ಹಾಕ್ಯಾರ್ರಿ?” ಎಂದು ಕೇಳಿದರು.

“ನಾನ ರೀ. ಹಳೇ ಚಪ್ಪಲಿದು. ಔಡಲ ಎಣ್ಣ್ಯಾಗ ನೆನಸಿ ಕೊರದು ಹಾಕೀನಿ. ಅಂಗಡ್ಯಾಗ ಸಿಗೂದು ಇಷ್ಟು ಬಾಳಕಿ ಬರೂದಿಲ್ಲ.”

ಅಪ್ಪ ಆ ವಾಶರನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಬೇಡವೆಂದ ಸಂಬಂಧದ ಮಾತೇ ಅವರಿಗೆ ಮರೆತಂತಿತ್ತು. ಅತ್ತೆ ಎಲ್ಲವನ್ನೂ ಮತ್ತೆ ಜೋಡಿಸಿ ಕಾದರು. ಮಧ್ಯಾಹ್ನ ದಾಟಿತು, ಊಟಕ್ಕೆ ಕರೆದರೆ ಆಮೇಲೆ ಎಂದರು. ಬಾಗಿಲ ಹಿಂದೆ ನಿಂತ ನನಗೆ ಕಾಲು ಸೋತುಹೋದವು, ಆದರೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ನನ್ನ ಬಾಳು ಎತ್ತ ಹೋಗುತ್ತದೆಂಬುದು ಆ ಕಟ್ಟೆಯ ಮೇಲೆ ನಿಂತಿತ್ತು.

ಇಳಿಹೊತ್ತಿಗೆ ಬಲ್ಬು ಹತ್ತಿತು. ಅತ್ತೆ ಬಲ್ಬು ತೆಗೆಸಿ, ಆ ಹೋಲ್ಡರಿಗೇ ತಮ್ಮ ವಾಯರು ಸಿಗಿಸಿ, ನಳಿಗೆಯ ತುದಿಯನ್ನು ಒಂದು ತಂಬಿಗೆ ನೀರಿನಲ್ಲಿ ಬಿಟ್ಟರು. ಪಂಪು ಒಂದು ಸಲ ಗುರುಗುಟ್ಟಿ ಟಕ ಟಕ ಎಂದು ನಡೆಯಿತು. ತಂಬಿಗೆಯಲ್ಲಿ ಸಣ್ಣ ಗುಳ್ಳೆಗಳು ಎಡೆಬಿಡದೆ ಏಳತೊಡಗಿದವು.

“ಇದು ಬಂದು ಎಷ್ಟು ದಿನಾ ಆತ್ರಿ?” ಎಂದರು ಅಪ್ಪ ಕೊನೆಗೆ.

“ನಮ್ಮ ಮನಿಯವರು ಹೋದ ವರ್ಷ ಬಂದೈತ್ರಿ. ಕರೆಂಟ್ ಹೋದಾಗ ನಿಂತೈತಿ, ವಾಶರ್ ಹಾಕೂವಾಗ ನಿಂತೈತಿ. ಬ್ಯಾರೆ ಯಾವುದರ ಸಲುವಾಗೂ ನಾ ಇದನ್ನ ಕೈಯಾರೆ ಆರಿಸಿದಾಕಿ ಅಲ್ಲ. ನಿಮ್ಮ ಮಗಳ ಸಲುವಾಗಿ ಇವತ್ತ ಆರಿಸೀನಿ.”

“ಮತ್ತ ಆ ಮೀನ?”

“ಮಗ ಟ್ಯೂಬಿಗೆ ಗಾಳಿ ಹೊಡಕೊಂತ ಕುಂತಾನ. ರಟ್ಟಿ ನೋಯ್ತಾವು, ನೋಯಲಿ. ಮದುವಿ ಅವಂದ ಅಲ್ಲೇನ್ರಿ?”

ಒಳಗೆ ಅವ್ವ ಸೆರಗು ಬಾಯಿಗೊತ್ತಿ ನಕ್ಕಳು. ಅತ್ತೆ ನಗಲಿಲ್ಲ.

“ತಿನ್ನಾಕ ಸಾಕಿಲ್ಲ ಅಣ್ಣಾರ. ದಿನಾ ಉಣಿಸಿದ ಕೈಲೇ ಅದನ್ನ ತಿನ್ನಾಕ ಮನಸ ಬರತೈತೇನ್ರಿ? ನಮ್ಮ ಮನಿಗೆ ಬಂದದ್ದನ್ನ ನಾವು ಹ್ಯಾಂಗ ಇಟ್ಕೊಂಡೀವಿ ಅನ್ನೂದನ್ನ ನೋಡ್ರಿ. ಕೊಡೂದು ಬಿಡೂದು ನಿಮಗ ಬಿಟ್ಟದ್ದು.”

ಅಪ್ಪ ಕೈ ಚಾಚಿ ಪಂಪಿನ ಮೈ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡರು. “ಮೈ ಕಾದಿಲ್ಲ,” ಎಂದರು ತಮಗೆ ತಾವೇ. ಇಂಜಿನ್ನಿನವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಆಮೇಲೆ ಒಳಗೆ ತಿರುಗಿ, “ಚಾ ಇಡ್ರಿ, ಬೀಗರು ಬಂದಾರ,” ಎಂದು ಕೂಗಿದರು.

ಬೀಗರು ಎಂಬ ಮಾತು ಕೇಳಿ ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಹೇಳಲು ನಾಚಿಕೆಯೇನಿಲ್ಲ, ಆ ದಿನ ನಾನು ಬಾಗಿ ಅವರ ಕಾಲು ಮುಟ್ಟಿದ್ದು ಪದ್ಧತಿಗಾಗಿ ಅಲ್ಲ. ಮದುವೆಯ ಅಕ್ಷತೆ ಹಾಕುವಾಗ ನಮ್ಮವರ ಅಂಗೈಯಲ್ಲಿ ಸೈಕಲ್ ಪಂಪಿನ ಬೊಬ್ಬೆಯ ಗುರುತು ಇನ್ನೂ ಇತ್ತು.

ಇಂಥವರ ಜೊತೆ ಒಂದೇ ಸೂರಿನಡಿ ಬದುಕಿದ್ದು ನನ್ನ ಪುಣ್ಯ. ಗಟ್ಟಿಯಾದದ್ದು ಕಂಡರೆ ಅವರಿಗೆ ಪ್ರೀತಿ ಉಕ್ಕುತ್ತಿತ್ತು. ತೊಟ್ಟಿಯ ಕಬ್ಬಿಣದ ಚೌಕಟ್ಟನ್ನು ಮಳೆಗಾಲಕ್ಕೆ ಮುಂಚೆ ಉಜ್ಜಿ ಬಣ್ಣ ಹಚ್ಚುವಾಗ, ಎತ್ತಿನ ಮೈ ತಿಕ್ಕುವ ರೈತನಷ್ಟೇ ಸುಖಪಡುತ್ತಿದ್ದರು. ಎಂಬತ್ತರ ದಶಕದಲ್ಲಿ ನಮ್ಮವರು ಹೊಸಪೇಟೆಯಿಂದ ಪ್ಲಾಸ್ಟಿಕ್ಕಿನ ಹೊಸ ಪಂಪೊಂದನ್ನು ತಂದರು. ಹಗುರ, ಚೆಂದದ ನೀಲಿ ಬಣ್ಣ, ಸಪ್ಪಳವೂ ಕಡಿಮೆ. ಅತ್ತೆ ಅದನ್ನು ತಿರುವಿ ಮುರುವಿ ನೋಡಿ ನನ್ನ ಕೈಗೆ ಕೊಟ್ಟರು.

“ಸ್ಕ್ರೂ ಎಲ್ಲಿ ಐತಿ ತೋರಿಸು.”

ಹುಡುಕಿದೆ. ಇರಲಿಲ್ಲ, ಎಲ್ಲ ಕಡೆ ಅಂಟಿಸಿಬಿಟ್ಟಿದ್ದರು.

“ಬಿಚ್ಚಾಕ ಬರಲಾರದ್ದನ್ನ ನಂಬೂದು ಹ್ಯಾಂಗ? ಒಳಗ ಏನ ನೋಯಾಕತ್ತೈತಿ ಅಂತ ಅದಕ್ಕೂ ಹೇಳಾಕ ಬರೂದಿಲ್ಲ, ನಮಗೂ ನೋಡಾಕ ಬರೂದಿಲ್ಲ.”

ಅದು ಒಂದು ಮಳೆಗಾಲ ಬಾಳಿತು. “ನಾನು ಹೇಳಿರಲಿಲ್ಲವೇ” ಎಂದು ಅತ್ತೆ ಚುಚ್ಚಲಿಲ್ಲ. ಮಗನ ಮುಖ ಸಣ್ಣದಾದದ್ದು ಕಂಡು, “ಬಣ್ಣ ಮಾತ್ರ ಭಾಳ ಛಲೋ ಇತ್ತು ಬಿಡು,” ಎಂದರು. ಆ ಬಿಚ್ಚುವ ಮಾತನ್ನು ಅವರು ಮನುಷ್ಯರಿಗೂ ಅನ್ವಯಿಸುತ್ತಿದ್ದರು. ನಾನೂ ನಮ್ಮವರೂ ಮುನಿಸಿಕೊಂಡು ಮಾತು ಬಿಟ್ಟರೆ ಇಬ್ಬರನ್ನೂ ಎದುರಿಗೆ ಕೂಡಿಸಿ, “ಬಿಚ್ರಿ,” ಎನ್ನುತ್ತಿದ್ದರು. ಮನಸ್ಸು ಬಿಚ್ಚುವ ತನಕ ಯಾರಿಗೂ ಊಟವಿಲ್ಲ, ಅವರಿಗೂ ಇಲ್ಲ. ಹಸಿವು ತಾಳದ ನಮ್ಮವರೇ ಮೊದಲು ಸೋಲುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆ ಹಾಸಿಗೆ ಹಿಡಿದರು. ಅಷ್ಟು ವರ್ಷ ಕೇಳಬೇಕೆಂದುಕೊಂಡು ಕೇಳದೆ ಉಳಿದಿದ್ದ ಮಾತನ್ನು ನಾನು ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಕೇಳಿದೆ.

“ಅತ್ತಿ, ಅವತ್ತಿನ ಮಟ ನೀವು ನನ್ನ ನೋಡಿರಲೇ ಇಲ್ಲ. ನಿಮ್ಮ ಮಗನಿಗೆ ಹೆಣ್ಣಿಗೇನ ಬರ ಇತ್ತೇನ್ರಿ? ಬ್ಯಾಡಂದ ಮನಿಗೆ ಯಾಕ ಬಂದ್ರಿ?”

ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ನಿನ್ನ ಯಲಬುರ್ಗಾದ ಎರಡನೇ ಸಂಬಂಧಕ್ಕ ಕೊಡಾಕತ್ಯಾರ ಅಂತ ನನ್ನ ತಮ್ಮ ಬಂದು ಹೇಳಿದ. ಮಗನ ಚಿಂತಿ ಆಮ್ಯಾಲ ಬಂತು. ಮೀನ ಸತ್ತಿದ್ರ ಮತ್ತ ತರಬೌದಿತ್ತು. ನೀ ಆ ಮನಿಗೆ ಹೋಗಿಬಿಟ್ಟಿದ್ರ ನಿನ್ನ ಎಲ್ಲಿಂದ ತರೂದು?” ಆಮೇಲೆ ಜಂತಿ ನೋಡುತ್ತ ಹೇಳಿದರು. “ನಿಮ್ಮ ಮಾವ ನನಗ ಅಪ್ಪನ ವಯಸ್ಸಿನಾಂವ. ನಾನೂ ಎರಡನೇದಾಕಿನ. ನನ್ನ ಕೊಡೂವಾಗ ಯಾರೂ ಬಸ್ ಹತ್ತಿ ಬರಲಿಲ್ಲವ್ವ.”

ನಾನು ಅವರ ಕೈ ಹಿಡಿದುಕೊಂಡು ಕೂತೆ. ಎಣ್ಣೆಯಿಂದ ಆ ಕೈಯ ಉಗುರಿನ ಸಂದಿ ಕಪ್ಪಾಗಿತ್ತು. ಆ ವಾರವೇ ಅವರು ತೀರಿಕೊಂಡರು.

ಆಮೇಲಿನ ವರ್ಷಗಳಲ್ಲಿ ಹೀಗೆಯೇ ಅಪ್ಪನ ವಯಸ್ಸಿನವನಿಗೆ ಕೊಡಲು ಹೊರಟಿದ್ದ ಒಂದು ಹುಡುಗಿಯ ಸಲುವಾಗಿ ನಾನೂ ಕುಷ್ಟಗಿಯ ಬಸ್ಸು ಹತ್ತಿದೆ. ಯಾರ ಮಗಳು, ಏನು ಎತ್ತ ಎಂಬುದು ಇಲ್ಲಿ ಬೇಡ. ಆ ಮನೆಯವರು ನನ್ನನ್ನು ಒಳಗೆ ಕರೆಯಲಿಲ್ಲ, ಕಟ್ಟೆಯ ಮೇಲೂ ಕೂಡಿಸಲಿಲ್ಲ. ಅತ್ತೆಯಾಗಿದ್ದರೆ ಮರುದಿನ ಮತ್ತೆ ಹೋಗುತ್ತಿದ್ದರು. ನಾನೂ ಹೋದೆ.