ಎಲ್ವಾಳ ಬಾಲದ ಕುಣಿಕೆ

ಎಲ್ವಾ ಶ್ರೋಯರ್, ವೈಡ್ಮರ್ ಎಂಬ ಮಿಠಾಯಿ ಕಾರ್ಖಾನೆಗೆ ಸೇರಿದ್ದು ಇನ್ನೂ ಹುಡುಗಿಯಾಗಿದ್ದಾಗ. ಪೆನ್ಸಿಲ್ವೇನಿಯಾದ ಆ ಊರಿನಲ್ಲಿ ಆಗ ಹೆಂಗಸರು ಅಮೃತಶಿಲೆಯ ಮೇಜಿನ ಸುತ್ತ ಕೂತು, ಕರಗಿದ ಚಾಕೊಲೇಟಿನಲ್ಲಿ ಬರಿಗೈ ಆಡಿಸುತ್ತ, ಕ್ರೀಮಿನ ಉಂಡೆಗಳನ್ನು ಒಂದೊಂದಾಗಿ ಅದ್ದಿ ಇಡುತ್ತಿದ್ದರು. ಬೆರಳಿಂದ ಇಳಿಯುವ ಕೊನೆಯ ಎಳೆಯಲ್ಲಿ ಉಂಡೆಯ ನೆತ್ತಿಯ ಮೇಲೊಂದು ಗುರುತು: ಚೆರ್ರಿಗೆ ಸುರುಳಿ, ವಾಲ್ನಟ್ಟಿಗೆ ಅಡ್ಡಗೆರೆ, ಬೆಣ್ಣೆಕ್ರೀಮಿಗೆ ಕುಣಿಕೆ. ಡಬ್ಬಿ ತೆರೆದವರು ಕಚ್ಚಿ ನೋಡದೆಯೇ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಿದ್ದರು. ಎಲ್ವಾಳ ಕುಣಿಕೆಗೆ ಮಾತ್ರ ಪುಟ್ಟದೊಂದು ಬಾಲವಿರುತ್ತಿತ್ತು. ಅದು ಅವಳ ಸೊಕ್ಕು. ಗಂಡ ಸತ್ತ ತಿಂಗಳಲ್ಲೂ ಅವಳು ಅದನ್ನು ಬಿಡಲಿಲ್ಲ.

ಆಮೇಲೆ ಯಂತ್ರ ಬಂತು. ಉಂಡೆಗಳು ಚಾಕೊಲೇಟಿನ ಧಾರೆಯ ಕೆಳಗೆ ತಾವೇ ಸಾಗಿ, ಎಲ್ಲವೂ ಒಂದೇ ಮುಖ ಹೊತ್ತು ಹೊರಬಂದವು. ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು. ಎಲ್ವಾಳನ್ನು ಮಾತ್ರ ಯಜಮಾನರ ಮೊಮ್ಮಗ ರಸೆಲ್ ಉಳಿಸಿಕೊಂಡ. ಅವಳು ಬಿಳಿ ಟೋಪಿ ಹಾಕಿಕೊಂಡು ಕಾರ್ಖಾನೆಯದೇ ಅಂಗಡಿಯ ಗಾಜಿನ ಹಿಂದೆ ಹಳೇ ಕಾಲದ ಹಾಗೆ ಅದ್ದುತ್ತ ಕೂರಬೇಕು. ಅವಳು ಕೇಳಿದ್ದು ಒಂದೇ, ತಾನು ಅದ್ದಿದ್ದು ಜನರ ಬಾಯಿಗೆ ಹೋಗಬೇಕು. ಹಳೇ ಗಿರಾಕಿಗಳ ಡಬ್ಬಿಗೇ ಹೋಗುತ್ತದೆ ಎಂದು ಅವನು ಮಾತು ಕೊಟ್ಟ. ಪಾಪದವಳು ನಂಬಿದಳು. ಬೆರಳ ಗಂಟುಗಳು ನೋಯುತ್ತಿದ್ದರೂ ವರ್ಷಗಟ್ಟಲೆ ಕೂತಳು.

ಪ್ರತಿ ಕ್ರಿಸ್‌ಮಸ್ಸಿಗೆ ಪಕ್ಕದ ಮನೆಯ ಹಾರ್ವಿ ಕ್ಲಿಂಗ್ ತಾನು ಸಾಕಿದ ಹಂದಿಯ ತೊಡೆ ತಂದು ಕೊಡುತ್ತಿದ್ದ, ಅವಳು ತನ್ನ ಕೈಯಾರೆ ತುಂಬಿದ ಡಬ್ಬಿ ಕೊಡುತ್ತಿದ್ದಳು. ಈ ಸಲ ಅವನು ಡಬ್ಬಿಗೆ ಕೈ ಚಾಚಲಿಲ್ಲ.

"ಬೇಡ ಕಣೇ ಎಲ್ವಾ. ನಿನ್ನ ಚಾಕೊಲೇಟು ತಿಂದೇ ನನ್ನ ಹಂದಿಗಳು ಕೊಬ್ಬಿರೋದು."

ತಮಾಷೆಯೆಂದು ಅವಳು ನಕ್ಕಳು. ಹಾರ್ವಿ ನಗಲಿಲ್ಲ. ಕಾರ್ಖಾನೆಯಲ್ಲಿ ಎಸೆಯುವ ಮಾಲಿನ ಪೀಪಾಯಿಗಳನ್ನು ಮೇವಿಗೆಂದು ಒಯ್ಯುತ್ತಿದ್ದವನು ಅವನೇ.

"ನಂದೇ ಅಂತ ನಿಂಗೇನ್ ಗೊತ್ತು?"

ಹಾರ್ವಿ ಆವಿ ಹಿಡಿದ ಕಿಟಕಿಯ ಮೇಲೆ ಬೆರಳಿಂದ ಕುಣಿಕೆ ಎಳೆದು, ಅದಕ್ಕೊಂದು ಬಾಲ ಹಚ್ಚಿದ. "ಇಷ್ಟು ವರ್ಷ ತಿಂದೋನಿಗೆ ಗೊತ್ತಾಗಲ್ವಾ? ಪೀಪಾಯಿ ತುಂಬ ಇದೇ. ಹೇಳೋಕೆ ಬಾಯಿ ಬರ್ಲಿಲ್ಲ."

ಹಬ್ಬ ಮುಗಿದ ಕೂಡಲೇ ಅವಳು ರಸೆಲ್‌ನ ಮುಂದೆ ನಿಂತಳು. ಅವನು ಮುಖ ಕೂಡ ಸಣ್ಣ ಮಾಡಿಕೊಳ್ಳಲಿಲ್ಲ.

"ಬರಿಗೈಲಿ ಮುಟ್ಟಿದ್ದನ್ನ ಈಗ ಯಾರು ಕೊಳ್ತಾರೆ ಎಲ್ವಮ್ಮಾ? ಜನ ನಿಮ್ಮನ್ನ ನೋಡ್ತಾರೆ, ಒಳಗೆ ಬಂದು ಮಿಷನ್ನಿಂದು ತಗೋತಾರೆ. ನಿಮ್ಮಿಂದ್ಲೇ ನಮ್ಮ ವ್ಯಾಪಾರ."

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ್ದ. ಕರಗಿದ ಚಾಕೊಲೇಟಿನ ಬೋಗುಣಿಯನ್ನು ಅವನ ತಲೆಯ ಮೇಲೆ ಸುರಿಯಬೇಕಿತ್ತು. ಆದರೆ ಆ ವಯಸ್ಸಿನಲ್ಲಿ ಅವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಎಲ್ವಾ ಟೋಪಿ ಸರಿಮಾಡಿಕೊಂಡು ಗಾಜಿನ ಹಿಂದೆ ಹೋಗಿ ಕೂತಳು.

ಅವತ್ತಿನಿಂದ ಅವಳು ಗುರುತು ಹಾಕುವುದನ್ನು ಬಿಟ್ಟಳು. ಸುರುಳಿಯಿಲ್ಲ, ಗೆರೆಯಿಲ್ಲ, ಕುಣಿಕೆಯಿಲ್ಲ. ತಟ್ಟೆಯ ತುಂಬ ಬೋಳು ನೆತ್ತಿಗಳು. ಹೊರಗಿನವರು ಗಾಜಿಗೆ ಮೂಗು ಒತ್ತಿ ನಿಂತು ನೋಡಿದರು, ಮೊದಲಿನಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು. ರಸೆಲ್ ದಿನವೂ ಹಾದುಹೋಗುತ್ತಿದ್ದ, ಅವನ ಕಣ್ಣಿಗೂ ಬೀಳಲಿಲ್ಲ. ಅವಳಿಗೆ ಅಳು ಬರುವಷ್ಟು ಅವಮಾನವಾಯಿತು.

ಕೊನೆಗೆ ಕೇಳಿದವನು ಹಾರ್ವಿ ಒಬ್ಬನೇ. ಬೇಲಿಯಾಚೆ ಮೇವು ಸುರಿಯುತ್ತಿದ್ದವನು ಬಕೆಟ್ಟು ಕೆಳಗಿಟ್ಟು, ಬಾಲ ಯಾಕೆ ಬಿಟ್ಟೆ ಎಂದ.

"ಯಾಕೆ," ಎಂದಳು ಎಲ್ವಾ, "ಹಂದಿಗಳು ಬೇಡ ಅಂದ್ವಾ?"