ಅತ್ತೆ ಮನಸ್ಸಿನಲ್ಲಿ ಕೇಳಿದ್ದು

ಅತ್ತೆಯ ಬೆನ್ನು ಉಜ್ಜಿ ನೀರು ಹಾಕುವಾಗ ಎಡ ಎದೆಯ ಪಕ್ಕದಲ್ಲಿ, ಕಂಕುಳ ಹತ್ತಿರ, ಅವರೆಕಾಳಿನಷ್ಟು ಗಟ್ಟಿಯಾದ ಗಂಟೊಂದು ನನ್ನ ಕೈಗೆ ಸಿಕ್ಕಿತು. "ಎಷ್ಟು ದಿನದಿಂದ ಇದೆ ಅತ್ತೆ?" ಎಂದೆ. "ಅಯ್ಯೋ ಬುಡವ್ವ, ನೋವಿಲ್ಲ ಏನಿಲ್ಲ" ಅಂದರು. ನೋವಿಲ್ಲ ಅನ್ನುವುದೇ ನನಗೆ ಹೆದರಿಕೆ. ಅವತ್ತೇ ತುಮಕೂರಿನ ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿ ಗುರುವಾರಕ್ಕೆ ಟೈಮ್ ತೆಗೆದುಕೊಂಡೆ.

ಮನೆಯಲ್ಲಿ ಆಗ ಇನ್ನೊಂದು ತಳಮಳವೂ ಇತ್ತು. ನನ್ನ ಗಂಡ ಗುಬ್ಬಿ ಕಡೆಯ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಫಿಟ್ಟರ್. ಆ ವರ್ಷ ಅರ್ಧ ಜನಕ್ಕೆ ರಿನ್ಯೂವಲ್ ಇಲ್ಲವಂತೆ ಎಂಬ ಸುದ್ದಿ. ಅವರು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದರು. ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಮಾತು ಎತ್ತದಿರುವುದನ್ನೇ ಧೈರ್ಯ ಎಂದುಕೊಂಡ ಮನೆ ನಮ್ಮದು.

ಮನೆದೇವರ ಹತ್ತಿರ ಪ್ರಸಾದ ಕೇಳಿಯೇ ಮುಂದಿನದು ಎಂದು ಅತ್ತೆ ಹಟ ಹಿಡಿದರು. ಸೋಮವಾರ ನನ್ನ ಗಂಡನಿಗೆ ವಾರದ ರಜೆ, ಮೂವರೂ ಕುಣಿಗಲ್ ಬಸ್ ಹತ್ತಿದೆವು. ಗುಡಿ ಇರುವುದು ಹುತ್ರಿದುರ್ಗಕ್ಕೆ ಹೋಗುವ ದಾರಿಯಲ್ಲಿ. ಅಲ್ಲಿ ಐನೋರು ವೀರಭದ್ರನ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ಕೇಳುವುದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಮನಸ್ಸಿನಲ್ಲೇ ಕೇಳಬೇಕು. ಬಲಗಡೆಯದು ಬಿದ್ದರೆ ಒಳ್ಳೆಯದು, ಎಡಗಡೆಯದು ಬಿದ್ದರೆ ಇಲ್ಲ. ನೀರಾರಿದ ಹೂವು ಬೀಳದೆ ಇನ್ನೇನು ಮಾಡೀತು ಎಂದು ನಾನು ಒಳಗೇ ನಗುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿ ನಿಂತರು. ಬಲಗಡೆ ಬಿತ್ತು. ನನ್ನ ಗಂಡ "ಅಬ್ಬ" ಎಂದು ಕಂಬಕ್ಕೆ ಒರಗಿದರು. ನಿಜ ಹೇಳಬೇಕೆಂದರೆ ನನಗೂ ಕಣ್ಣು ತುಂಬಿ ಬಂತು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅತ್ತೆ ಸ್ಕ್ಯಾನ್ ಬೇಡ ಅಂದರು, ನಾವು ಹೂಂ ಅಂದೆವು. ಫೋನ್ ಮಾಡಿ ಗುರುವಾರದ ಟೈಮ್ ಕ್ಯಾನ್ಸಲ್ ಮಾಡಿದವಳು ನಾನೇ, ಬಿ.ಎಸ್ಸಿ. ಓದಿದ ಸೊಸೆ. ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ನಾಲ್ಕು ತಿಂಗಳಲ್ಲಿ ಗಂಟು ನಿಂಬೆಹಣ್ಣಿನಷ್ಟಾಯಿತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರ್ ಕೇಳಿದರು. ಹೊರಗೆ ಬೆಂಚಿನ ಮೇಲೆ ಕೂತವಳೇ ಸಿಟ್ಟು ತಡೆಯಲಾರದೆ, "ನಿಮ್ಮ ದೇವ್ರು ಬಲಗಡೆ ಕೊಟ್ಟಿದ್ನಲ್ಲ ಅತ್ತೆ, ಇದೇನಾ?" ಎಂದುಬಿಟ್ಟೆ.

"ಅವನ್ನ ಯಾಕವ್ವ ಬಯ್ತೀಯಾ? ನಾನು ಗಂಟಿನ್ ವಿಚಾರ ಕೇಳ್ಲೇ ಇಲ್ಲ. ಮಗನ್ ಕೆಲ್ಸ ಉಳೀತದಾ ಅಂತ ಕೇಳ್ದೆ. ಉಳೀಲಿಲ್ವಾ?"

ಉಳಿದಿತ್ತು.

"ಮತ್ತೆ ಸ್ಕ್ಯಾನ್ ಯಾಕೆ ಬೇಡ ಅಂದ್ರಿ?"

"ಅಂಥಾ ಟೈಮಲ್ಲಿ ಅವ್ನು ರಜಾ ಹಾಕ್ಕೊಂಡು ಆಸ್ಪತ್ರೆ ಸುತ್ತಿದ್ರೆ ಇಟ್ಕೊಂತಿದ್ರಾ?"

ನನಗೆ ಅವರನ್ನು ಹಿಡಿದು ಅಲುಗಾಡಿಸುವಷ್ಟು ಕೋಪ ಬಂತು. ಹಾಗೆಯೇ ಅವರ ಕೈ ಹಿಡಿದು ಅತ್ತುಬಿಟ್ಟೆ.

ಈಗ ಮೂರು ಕೀಮೋ ಮುಗಿದಿವೆ. ಮೊನ್ನೆ ತಲೆ ತುಂಬ ಸೆರಗು ಹೊದ್ದುಕೊಂಡು ಕೂತಿದ್ದ ಅತ್ತೆ, "ಈಗ ನನ್ ವಿಚಾರ ಒಂದ್ಸಲ ಕೇಳ್ಕೊಂಡ್ ಬರಾಣ್ವಾ?" ಎಂದರು. ಬಿಸಿಲು, ಸುಸ್ತು, ಬಸ್ಸಿನ ಕುಲುಕಾಟ ಎಂದು ಬಾಯಿಗೆ ಬಂದ ನೆಪವೆಲ್ಲ ಹೇಳಿದೆ. ಎಡಗಡೆ ಬಿದ್ದರೆ ಅವರು ಮುಂದಿನ ಕೀಮೋಗೆ ಬರಲಿಕ್ಕಿಲ್ಲ. ಅವರನ್ನು ಬಯ್ದಾದರೂ ಎಳೆದುಕೊಂಡು ಹೋಗಬಲ್ಲೆ. ಆದರೆ ಎಡಗಡೆ ಬಿದ್ದರೆ ನಾನೂ ನಂಬಿಬಿಡುತ್ತೇನೆ.