ತಾಂಡ್ಯದ ಫೋನು, ದುಬೈನ ಬಿಲ್ಲು

ಮೊನ್ನೆ ಒಂದು ಆಸ್ಪತ್ರೆಯ ರಿಸೆಪ್ಶನ್ ಮೇಜಿನ ಮೇಲೆ ಹಳೇ ಕಾಲದ ಟೆಲಿಫೋನ್ ಬೋರ್ಡ್ ಕಂಡೆ. ಸಾಲು ಸಾಲು ಕೆಂಪು ದೀಪ. ಬಂದ ಕೆಲಸ ಮರೆತು ನಿಂತೆ. ನನಗೆ ಶಿವಮ್ಮನವರು ನೆನಪಾಗಿದ್ದರು.

ತೊಂಬತ್ತರ ದಶಕದ ಕೊನೆ. ನಾನು ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಗುಮಾಸ್ತ, ಶಿವಮ್ಮ ಟೆಲಿಫೋನ್ ಆಪರೇಟರ್. ದಿನಾ ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೊಸ ಬೋರ್ಡ್ ಬಂದಾಗ ಅರ್ಧ ದಿನ ತರಬೇತಿ ಪಡೆದವನು ನಾನು. ಆಮೇಲೆ ಆರು ತಿಂಗಳು ಇಂಜಿನಿಯರನ ಗತ್ತಿನಲ್ಲಿ ಓಡಾಡಿದೆನೆನ್ನಿ! ಹೊರಗಿನಿಂದ ನಮಗೆ ಫೋನ್ ಮಾಡಿ ಗುಟ್ಟಿನ ಸಂಖ್ಯೆ ಒತ್ತಿದರೆ, ನಮ್ಮ ಲೈನಿನಿಂದಲೇ ಎಲ್ಲಿಗೆ ಬೇಕಾದರೂ ಮಾತಾಡಬಹುದಿತ್ತು. ಊರೂರು ತಿರುಗುವ ಮಾರಾಟದವರಿಗಾಗಿ ಈ ಅನುಕೂಲ. ಗುಟ್ಟಿನ ಸಂಖ್ಯೆ 1234. ಬದಲಾಯಿಸಿ ಎಂದು ಬೋರ್ಡ್ ಕೂರಿಸಿದವರು ಹೇಳಿಯೇ ಹೋಗಿದ್ದರು. ಮಾರಾಟದವರು ಮರೆತಾರೆಂದು ನಾನೇ ಹಾಗೆ ಬಿಟ್ಟಿದ್ದೆ.

ಒಂದು ತಿಂಗಳ ಬಿಲ್ಲಿನಲ್ಲಿ ಪುಟಗಟ್ಟಲೆ ದುಬೈ ಕರೆಗಳು. ಬೋರ್ಡಿನ ಮುಂದೆ ಕೂರುವವರು ಶಿವಮ್ಮ ಒಬ್ಬರೇ. ಮ್ಯಾನೇಜರು ಅವರನ್ನು ಕೆಲಸದಿಂದಲೇ ತೆಗೆಯಲು ಹೊರಟರು. ನನ್ನ ತಲೆಗೆ 1234 ಹೊಳೆಯಲೇ ಇಲ್ಲ.

"ದುಬೈನಲ್ಲಿ ನಂಗ್ಯಾರವ್ರೆ ಸಾ? ಒಂದ್ ವಾರ ಕೊಡಿ, ಕಳ್ಳನ್ನ ನಾನೇ ಇಡೀತೀನಿ," ಎಂದರು ಶಿವಮ್ಮ.

ಅಂದಿನಿಂದ ಅವರ ಊಟವೂ ಬೋರ್ಡಿನ ಪಕ್ಕದಲ್ಲೇ. ಮೂರನೇ ದಿನ ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದಾಗ ನನ್ನನ್ನು ಕೂಗಿದರು. "ನೋಡಿ ಸಾ, ಒಳಗೆ ಯಾರೂ ಫೋನ್ ಎತ್ತಿಲ್ಲ. ಒರಗಿಂದ ಒಂದ್ ಕಾಲ್ ಬಂದು, ನಮ್ ಲೈನಲ್ಲೇ ಮತ್ತೆ ಆಚೆಗೋಯ್ತಾ ಅದೆ!"

ಗುಂಡಿ ಒತ್ತಿ ಕೇಳಿಸಿದರು. ಯಾರೋ ಒಬ್ಬಾತ ದುಬೈನ ತಮ್ಮನಿಗೆ ಮಗುವಿನ ಮೊದಲ ಹಲ್ಲಿನ ಸಂಭ್ರಮ ಹೇಳುತ್ತಿದ್ದ. ಶಿವಮ್ಮ ತಾಳ್ಮೆಯಿಂದ ಕಾದು, ನಡುವೆ ಬಾಯಿ ಹಾಕಿದರು: "ಮಗೀಗೆ ಅಲ್ಲು ಬಂದದ್ದು ಸಂತೋಸ ಕಣಪ್ಪ. ಆದ್ರೆ ಬಿಲ್ಲು ನಮ್ಗೆ ಬತ್ತದಲ್ಲ!"

"ಅಯ್ಯೋ, ಬೂತ್‌ನೋರಿಗೆ ಕಾಸು ಕೊಟ್ಟೇ ಮಾತಾಡ್ತಿವ್ನಿ ಕಣಮ್ಮೋ!" ಎಂದಿತು ಗಾಬರಿಯ ದನಿ.

ಯಾವನೋ ಎಸ್‌ಟಿಡಿ ಬೂತಿನವನು ಗುಟ್ಟಿನ ಸಂಖ್ಯೆ ಊಹಿಸಿ, ನಮ್ಮ ಲೈನನ್ನೇ ಗಿರಾಕಿಗಳಿಗೆ ಮಾರುತ್ತಿದ್ದ. ನಾನು ಬದಲಾಯಿಸದೆ ಬಿಟ್ಟ 1234 ಆಗ ನೆನಪಾಯಿತು. ಮ್ಯಾನೇಜರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ನನಗೆ ಬೈಗುಳ, ಶಿವಮ್ಮನವರಲ್ಲಿ ಕ್ಷಮಾಪಣೆ, ಆ ಅನುಕೂಲಕ್ಕೆ ಬೀಗ.

"ನಿಮಗೇನು ಬೇಕು ಕೇಳಿ," ಎಂದರು ಮ್ಯಾನೇಜರು.

"ಬೊಂಬಾಯಲ್ಲಿ ನಮ್ಮಕ್ಕ ಅವ್ಳೆ ಸಾ. ಒಂದ್ಸಲ ಮಾತಾಡ್ಲಾ?"

ಅಷ್ಟು ವರ್ಷ ಎಲ್ಲರಿಗೂ ಲೈನ್ ಕೊಟ್ಟವರು ತಮಗೆಂದು ಒಂದು ಕರೆಯನ್ನೂ ಮಾಡಿರಲಿಲ್ಲ. ಅಂದು ಅಕ್ಕನೊಡನೆ ಮಾತಾಡುತ್ತಾ ಅವರು ನಕ್ಕ ನಗು ಯಂತ್ರಗಳ ಶೆಡ್ಡಿನವರೆಗೂ ಕೇಳಿತು.

ಇದನ್ನು ಬರೆಯುವ ಮುನ್ನ ಅವರಿಗೆ ಫೋನ್ ಮಾಡಿದೆ. "ಅವತ್ತು ನೀವಾಗೇ ಒಪ್ಕೊಂಡ್ರಲ್ಲ, ಅದ್ಕೇ ನಿಮ್ಮೇಲೆ ಕ್ವಾಪ ಬರ್ನಿಲ್ಲ," ಎಂದವರು, "ಒಸಿ ಲೈನಲ್ಲಿರಿ ಸಾ, ಮೊಮ್ಮಗಳು ಫೋನ್ ಮಾಡ್ತಾವ್ಳೆ," ಎಂದು ಮಾಯವಾದರು.

ಹತ್ತು ನಿಮಿಷವಾಯಿತು. ಇಡುವ ಮನಸ್ಸೇ ಬರಲಿಲ್ಲ. ಫೋನ್ ಕಿವಿಗಿಟ್ಟುಕೊಂಡು ಒಬ್ಬನೇ ನಗುತ್ತಾ ಕೂತಿದ್ದೆ.